ಶೆಡ್ಡಿನ ಸ್ವಿಚ್

೧೮ ನವೆಂಬರ್ ೨೦೨೫, ಮಂಗಳವಾರ. ಉಟಗಿ.

ಅಪ್ಪನನ್ನು ದಾಳಿಂಬೆ ತೋಟದಲ್ಲಿ ಮಣ್ಣು ಮಾಡಿದಂದಿನಿಂದ ಅಲ್ಲಿಯ ಶೆಡ್ಡಿನಲ್ಲಿ ದೀಪ ಹತ್ತುತ್ತಿಲ್ಲ. ಇವತ್ತು ವೈರ್‌ಮನ್ ತಾನಾಜಿ ಬಂದಿದ್ದ. ನಮ್ಮ ಹೊಸ ಮನೆಯ ಸ್ವಿಚ್ಚಿನಿಂದ ಶೆಡ್ಡಿಗೆ ನೆಲದೊಳಗೆ ಹೋದ ಕೇಬಲ್ಲಿನ ಜಾಡು ಹಿಡಿದು ನಡೆದವನು ಅಪ್ಪನ ಸಮಾಧಿಯ ಹತ್ತಿರ ನಿಂತು ಚಪ್ಪಲಿ ಬಿಟ್ಟ.

"ಇಲ್ಲೇ ಕಟ್ ಆಗೇತ್ರಿ ಅಕ್ಕಾರ. ಕುಣಿ ತೋಡುಮುಂದ ಹಾರಿ, ಗುದ್ದಲಿ ಬಡದಿರಬೇಕು. ಜೋಡಸಬೇಕಂದ್ರ ಅಗೀಬೇಕಾಗ್ತೈತಿ."

ಅಗೆಯುವ ಮಾತೆಲ್ಲಿ ಬಂತು! ಕೇಬಲ್ ಹೂತವನು ಅಪ್ಪ. ಅದು ಎಲ್ಲಿ ಹಾಯ್ದಿದೆ ಎಂದು ಬಲ್ಲವನೂ ಅವನೊಬ್ಬನೇ. ಕುಣಿ ತೋಡುವಾಗ ಯಾರನ್ನು ಕೇಳಬೇಕಿತ್ತು?

ತಾನಾಜಿ ಮನೆಯ ಕಡೆಯ ಕನೆಕ್ಷನ್ ಬಿಚ್ಚಿ ಹೋದ. ಅವ್ವನಿಗೆ ಎಲ್ಲ ಹೇಳಿದೆ.

"ಇರಲಿ ಬಿಡವಾ," ಎಂದಳು.

ಸಂಜೆ ದೇವರಿಗೆ ದೀಪ ಹಚ್ಚಿ, ರೂಢಿಯಂತೆ ಶೆಡ್ಡಿನ ಸ್ವಿಚ್ಚನ್ನೂ ಒತ್ತಿದಳು. ಈಗ ಮಲಗುವ ಮುಂಚೆ ಆರಿಸಲು ಹೋದೆ, ಕೈ ಏಳಲಿಲ್ಲ. ಆರಿಸುವುದಾದರೂ ಏನನ್ನು, ಅಲ್ಲಿ ದೀಪವೇ ಹತ್ತಿಲ್ಲವಲ್ಲ.