ಬೀಡಿ ಬಿಡಿಸುವವಳ ಅಪ್ಪ

ಹುಬ್ಬಳ್ಳಿ,
೨೧೮೯ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕು

ಇನ್ನೂ ಬೆಂಕಿಕಡ್ಡಿ ಗೀರುತ್ತಿರುವ ಹಿರಿಯರೇ,

ತಾರೀಖು ನೋಡಿ ನಗಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದಾದಾಗ ನಮ್ಮವರು ಇನ್ನೊಂದು ತಿಂಗಳು ಸೇರಿಸಿಕೊಂಡರು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನಾನು ಬಿಡಿಸುಗಿತ್ತಿ. ಸೂಲಗಿತ್ತಿ ಹೆರಿಗೆ ಮಾಡಿಸಿದ ಹಾಗೆ ಬಿಡಿಸುಗಿತ್ತಿ ಬೀಡಿ ಬಿಡಿಸುತ್ತಾಳೆ. ದುರ್ಗದಬೈಲಿನಲ್ಲಿ ನನ್ನದೊಂದು ಆವಿಯಂಗಡಿ ಇದೆ.

ಅಲ್ಲಿ ಹೊಗೆಯ ಬದಲು ಆವಿ ಕೊಡುವ ಕೊಳವೆ ಮಾರುತ್ತೇನೆ. ಮಾರಾಟಕ್ಕಿಂತ ಮಾತೇ ಹೆಚ್ಚು. ಬಂದವರನ್ನು ಕೂರಿಸಿ ಚಹಾ ಕೊಡಬೇಕು, ಎದ್ದ ಕೂಡಲೇ ಸೇದುತ್ತಾರೋ ಊಟವಾದ ಮೇಲೋ ಎಂದು ಕೇಳಬೇಕು, ಅದಕ್ಕೆ ತಕ್ಕಂತೆ ಕೊಳವೆಗೆ ತುಂಬುವ ದ್ರಾವಣದ ಖಾರ ಗೊತ್ತುಮಾಡಬೇಕು. ಖಾರ ಅಂದರೆ ನಿಕೋಟಿನ್. ಅದನ್ನು ತಿಂಗಳು ತಿಂಗಳೂ ಇಳಿಸುತ್ತ ಕೊನೆಗೆ ಕೊಳವೆಯನ್ನೂ ಬಿಡಿಸಬೇಕು. ಎಂದೂ ಸೇದದವರು ಬಂದರೆ ಚಹಾ ಕುಡಿಸಿ ಕಳಿಸುತ್ತೇನೆ, ಕೊಳವೆ ಮುಟ್ಟಗೊಡುವುದಿಲ್ಲ. ಆವಿಯೇನು ಅಮೃತವಲ್ಲ.

ನಮ್ಮ ಕಡೆಯವರು ಮಾಡುವ ತಪ್ಪು ಒಂದೇ. ಬೀಡಿಯನ್ನು ಬಿಡದೆ ಎಳೆಯುತ್ತಿರಬೇಕು, ಇಲ್ಲದಿದ್ದರೆ ಆರಿಹೋಗುತ್ತದೆ. ಕೊಳವೆಯನ್ನೂ ಹಾಗೇ ಗಡಿಬಿಡಿಯಿಂದ ಎಳೆದರೆ ದ್ರಾವಣ ಹೀರುವ ಒಳಗಿನ ಹತ್ತಿ ಒಣಗಿ ಸುಟ್ಟು ಗಂಟಲು ಕಿತ್ತುಬರುತ್ತದೆ. ನನ್ನ ಅಪ್ಪ ಫಕ್ಕೀರಪ್ಪನಿಗೂ ಆದದ್ದು ಅದೇ. ಮಗಳ ಮುಂದೆ ಗಿರಾಕಿಯಾಗಿ ನಿಲ್ಲಲು ಅವನಿಗೆ ನಾಚಿಕೆ. ಸಂತೆಯಲ್ಲಿ ಯಾರ ಹತ್ತಿರವೋ ಒಂದು ಕೊಳವೆ ಕೊಂಡು, ಬೀಡಿಯಂತೆ ಎಳೆದು, “ಥೂ, ಅರಿವಿ ಸುಟ್ಟಂಗ ಐತಿ!” ಅಂತ ಬಟ್ಟೆ ಸುಟ್ಟ ವಾಸನೆಗೆ ಮುಖ ಸಿಂಡರಿಸಿ ಗಟಾರಕ್ಕೆ ಎಸೆದ. ಮತ್ತೆ ಬೀಡಿಗೇ ಹೋದ. ಮನೆಯಲ್ಲಿ ನಾನು ಬಾಯಿ ತೆರೆದರೆ ಸಾಕು, ಎದ್ದು ಹೊರಗೆ ನಡೆಯುತ್ತಿದ್ದ. ಎಂಥ ಹಟ ಅಂತೀರಿ!

ನಾಲ್ಕು ಮೆಟ್ಟಿಲು ಹತ್ತಲಾಗದಷ್ಟು ಉಬ್ಬಸ ಬಂದ ಮೇಲೆ ಒಂದು ದಿನ ತಾನಾಗಿ ಅಂಗಡಿಗೆ ಬಂದು, ಗುರುತೇ ಇಲ್ಲದವನ ಹಾಗೆ ಕೈಮುಗಿದು, “ನಮಸ್ಕಾರ್ರೀ ಅಕ್ಕಾರ, ಬೀಡಿ ಬಿಡಬೇಕಾಗೇತ್ರಿ” ಅಂದ. ನನಗೆ ನಗುವೂ ಬಂತು, ಅಳುವೂ ಬಂತು. “ಕುಂದ್ರಪಾ ಮೊದಲ. ಇದು ಆರೂದಿಲ್ಲ, ಯಾಕ ಅವಸರ? ಸಾವಕಾಶ ಎಳಿ” ಅಂದೆ. ಅಂದೇ ಕಲಿತ. ಆಮೇಲೆ ಬೀಡಿಯ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಶ್ವಾಸಕೋಶ ಅಷ್ಟರಲ್ಲಿ ಕೆಟ್ಟುಹೋಗಿತ್ತು. ಊರಿನ ಎಷ್ಟೋ ಜನರಿಗೆ ಬೀಡಿ ಬಿಡಿಸಿದವಳು ನಾನು, ಅಪ್ಪನನ್ನು ಉಳಿಸಿಕೊಳ್ಳಲಾಗಲಿಲ್ಲ.

ಹೋಗುವ ಮುನ್ನ ನನ್ನ ಕೈ ಹಿಡಿದು, “ನೀ ಸ್ವಲ್ಪ ಮೊದಲ ಹುಟ್ಟಬಾರದಿತ್ತೇನಬೇ?” ಅಂತ ಕೇಳಿದ.

ಹಿಂದೆ ಹೋಗಿ ಹುಟ್ಟುವ ಉಪಾಯ ನಮ್ಮ ಕಾಲದಲ್ಲೂ ಇಲ್ಲ. ಕಾಗದ ಮಾತ್ರ ಹಿಂದಕ್ಕೆ ಹೋಗುತ್ತದೆ, ಅದೂ ಅಪ್ಪನ ಕಾಲದಲ್ಲಿ ನಿಲ್ಲದೆ ನೇರ ನಿಮ್ಮ ಕಾಲದವರೆಗೆ. ನಿಮ್ಮ ಮನೆಯಲ್ಲೂ ಇಂಥ ಹಟಮಾರಿ ಒಬ್ಬ ಇದ್ದಾನು. ಆವಿಯೋ, ಔಷಧವೋ, ನಿಮ್ಮಲ್ಲಿ ಏನು ಸಿಗುತ್ತದೋ, ಅದನ್ನು ಬಲ್ಲವರ ಹತ್ತಿರ ಅವನನ್ನು ಇವತ್ತೇ ಕರೆದೊಯ್ಯಿರಿ. ನೀವಂತೂ ಮೊದಲೇ ಹುಟ್ಟಿದ್ದೀರಿ.

ನೀಲವ್ವ