ಜಡ್ಜ್ ಸಾಹೇಬರ ದನಿ

ರೋಹಿಣಿ, ದೆಹಲಿ
೧೪ ನವೆಂಬರ್ ೨೦೨೪

ಪ್ರೀತಿಯ ಜಲಜಕ್ಕನಿಗೆ ಇಂದುಶೇಖರನ ನಮಸ್ಕಾರಗಳು.

ದೀಪಾವಳಿಗೆ ಬರೆಯಬೇಕಿದ್ದ ಕಾಗದ ಈಗ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿನಲ್ಲಿ ಹೇಳಿದ್ದು ನಿನಗೆ ಸಾಲದು. ಕಾಗದವಾದರೆ ಮತ್ತೆ ಮತ್ತೆ ಓದಿಸಿಕೊಳ್ಳುತ್ತೀಯ. ನಿನ್ನ ಸೊಸೆ ಧಾರಿಣಿ ಪುಣ್ಯಾತಗಿತ್ತಿ, ಬೇಸರವಿಲ್ಲದೆ ಓದುತ್ತಾಳೆ.

ಅಕ್ಕಾ, ನಿನ್ನ ತಮ್ಮ ಜಡ್ಜ್ ಆಗಿದ್ದಾನೆ! ಹಿಂದಿ ಧಾರಾವಾಹಿಯಲ್ಲಿ. ಇದುವರೆಗೆ ಈ ಟಿವಿಯವರು ನನ್ನನ್ನು ಏನು ಮಾಡಿದ್ದರು ಹೇಳು? ಕೋಮಾದಲ್ಲಿ ಮಲಗಿದ ಮಾವ, ಚಟ್ಟದ ಮೇಲಿನ ತಾತ, ಆಮೇಲೆ ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಫೋಟೊ. ಹೆಣದ ಪಾತ್ರ ಮಾಡಿದವನು ಎದ್ದು ಕ್ಯಾಮೆರಾ ನೋಡಿ ನಗಬೇಕು, ಅಪಶಕುನ ಕಳೆಯಲಿ ಅಂತ. ನನ್ನಷ್ಟು ಚೆನ್ನಾಗಿ ನಗುವ ಹೆಣ ಇಡೀ ನೋಯ್ಡಾದ ಸ್ಟುಡಿಯೋಗಳಲ್ಲಿ ಇಲ್ಲ ಎನ್ನುತ್ತಿದ್ದರು! ನಿನ್ನ ಕಣ್ಣು ಹೋದ ಮೇಲೆ ನೀನು ಕೇಳಿದ್ದೆ, "ಫೋಟೊ ಮಾತಾಡುತ್ತೇನೋ ಇಂದೂ? ಒಂದೇ ಒಂದು ಸಲ ಟಿವಿಯಲ್ಲಿ ನಿನ್ನ ದನಿ ಕೇಳಿಸಿಬಿಡೋ, ಸಾಕು" ಅಂತ. ಅವತ್ತಿನಿಂದ ಅದೇ ಆಸೆ ನನಗೂ.

ಈಗ ಮಾತಾಡಿದ್ದೇನೆ. ಮಗ ಹೊರಗೆ ಹಾಕಿದ ತಾಯಿಗೆ ಅವಳ ಮನೆ ವಾಪಸ್ ಕೊಡಿಸುವ ತೀರ್ಪು, ಪೂರ್ತಿ, ಒಂದೇ ಟೇಕಿನಲ್ಲಿ! ಚಹಾ ಕೊಡುವ ಭಯ್ಯಾ ಕೆಟಲ್ ಹಿಡಿದುಕೊಂಡು ನಿಂತೇಬಿಟ್ಟಿದ್ದ. ನಿರ್ದೇಶಕ ರಜತ್ ಚಿಕ್ಕ ವಯಸ್ಸಿನವನು, ಬಂದು ಕಾಲು ಮುಟ್ಟಿ, "ಅಂಕಲ್‌ಜಿ, ರುಲಾ ದಿಯಾ ಆಪ್‌ನೇ" ಎಂದ. ಅಳಿಸಿಬಿಟ್ಟಿರಿ ಅಂತ. ಅಳದೆ ಏನು? ಇಲ್ಲಿಯ ಕನ್ನಡ ನಾಟಕಗಳಲ್ಲಿ ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿದ ದನಿ ಇದು. ಇದನ್ನು ಕೊಟ್ಟವಳು ಯಾರು? ಹಿತ್ತಲಿನ ಆ ತುದಿಗೆ ನನ್ನನ್ನು ನಿಲ್ಲಿಸಿ ಪದ್ಯ ಹೇಳಿಸಿ, "ಕೇಳಿಸ್ತಿಲ್ಲ ಕಣೋ, ಜೋರಾಗಿ ಹೇಳು" ಎಂದು ಗದರಿಸುತ್ತಿದ್ದವಳು ನೀನೇ ತಾನೆ? ಜಂಬ ಬಂದಿದೆ ಅಕ್ಕ. ಬರಲಿ ಬಿಡು, ಈ ವಯಸ್ಸಿಗಲ್ಲದೆ ಇನ್ನು ಯಾವಾಗ?

ಡಿಸೆಂಬರ್ ಎರಡು, ಸೋಮವಾರ ಸಂಜೆ ಏಳಕ್ಕೆ ಬರುತ್ತದೆ. ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸು.

ಧಾರಿಣಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ಎಲ್ಲರೂ ನೂರು ಕಾಲ ಚೆನ್ನಾಗಿರಲಿ.

ನಿನ್ನ ತಮ್ಮ,
ಇಂದು

ತಾ.ಕ.: ಕವರು ಅಂಟಿಸುವುದಕ್ಕೆ ಮುಂಚೆಯೇ ರಜತ್ ಫೋನ್ ಮಾಡಿದ. ನನ್ನ ಹಿಂದಿಯಲ್ಲಿ ನಮ್ಮ ಕಡೆಯ ರಾಗ ಇದೆಯಂತೆ, ಜಡ್ಜ್‌ಗೆ ಒಪ್ಪುವುದಿಲ್ಲವಂತೆ. ಬೇರೆಯವನ ಕೈಲಿ ಡಬ್ಬಿಂಗ್ ಮಾಡಿಸಿಬಿಟ್ಟಿದ್ದಾರೆ. ಮುಖ ನನ್ನದು, ದನಿ ಅವನದು. ಜೀವನವೆಲ್ಲ ಈ ಊರಿನಲ್ಲೇ ಕಳೆದೆನಲ್ಲ ಅಕ್ಕ, ತುಂಬಾ ಸಂಕಟವಾಯಿತು. ಮೇಲೆ ಬರೆದದ್ದನ್ನು ಹರಿದುಹಾಕೋಣ ಎನ್ನಿಸಿತು. ಯಾಕೆ ಹರಿಯಲಿ? ಚೆನ್ನಾಗಿ ಮಾಡಿದ್ದಂತೂ ಸುಳ್ಳಲ್ಲ.

ಅಕ್ಕಪಕ್ಕದವರನ್ನು ಕರೆಯಲೇಬೇಕು. ನಾನು ಕಾಣಿಸಿದ ಕೂಡಲೇ ಧಾರಿಣಿ ಟಿವಿಯ ಸದ್ದು ಪೂರ್ತಿ ನಿಲ್ಲಿಸಿ, ನನಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ ಟಿವಿಯ ಮುಂದೆ ಇಡಲಿ. ತೀರ್ಪು ನಾನೇ ಇಲ್ಲಿಂದ ಹೇಳುತ್ತೇನೆ, ಕನ್ನಡದಲ್ಲಿ. ಕೇಳಿಸದಿದ್ದರೆ ಗದರಿಸು.