ಅಕ್ಕನಿಗಾಗಿ ಆರು ಕಿಲೋ

ಜೂನ್ 4, ಬೆಳಿಗ್ಗೆ 6.10

ಫ್ಲಾಸ್ಕಿನ ಮುಚ್ಚಳ ತೆಗೆದೆ. ನಿನ್ನೆ ಕುದಿನೀರಿನಲ್ಲಿ ಹಾಕಿಟ್ಟ ಹೆಸರುಕಾಳು ಮೆತ್ತಗೆ ಬೆಂದಿದೆ. ಲಾಡ್ಜಿನ ಕೋಣೆಯಲ್ಲಿ ಒಲೆಯಿಲ್ಲ, ಇರುವುದೊಂದು ಕೆಟಲ್. ಅದೇ ಅಡುಗೆಮನೆ, ಫ್ಲಾಸ್ಕೇ ಬಾಣಸಿಗ. ಸೌತೆಕಾಯಿ ಹೆಚ್ಚಿ, ನಿಂಬೆ ಹಿಂಡಿ ತಿಂದೆ. ಎಣ್ಣೆಯಿಲ್ಲ, ಸಕ್ಕರೆಯಿಲ್ಲ, ಹಾಲು ಮೊಟ್ಟೆ ಮಾಂಸ ಯಾವುದೂ ಇಲ್ಲ. ಇಂದಿಗೆ ಹನ್ನೊಂದು ದಿನ. ಹೊಟ್ಟೆ ಎಂಬ ಚಕ್ರವರ್ತಿ ಸಿಂಹಾಸನ ಬಿಟ್ಟು ಇಳಿಯಲು ಒಪ್ಪುತ್ತಿಲ್ಲ. ಇಳಿಸುತ್ತೇನೆ.

ಡ್ರೈವರ್ ಬಾಗಿಲಲ್ಲಿ ನಿಂತು ಬಟ್ಟಲೊಳಗೆ ಇಣುಕಿದ. "ಮಹಾರಾಜ್ರೇ, ಸೊಪ್ಪು ಸದೆ ಎಲ್ಲ ನೀವೇ ಖಾಲಿ ಮಾಡಿದ್ರೆ ಊರಿನ ಮೇಕೆಗಳು ನಮ್ಮ ಮೇಲೆ ಕೇಸ್ ಹಾಕ್ತವೆ."

"ಮೊದ್ಲು ವ್ಯಾನ್ ತೆಗಿ."

ವ್ಯಾನಿನ ತುಂಬ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲುಗಳು. ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗಿ ನೆಲದ ಮೇಲಿಡುವ ಎಲೆಕ್ಟ್ರಾನಿಕ್ ತಕ್ಕಡಿ ಪರೀಕ್ಷಿಸುವುದು, ತಪ್ಪಿದ್ದರೆ ತಿದ್ದುವುದು ನನ್ನ ಕೆಲಸ. ತಿಂಗಳಿಗೆ ಇಪ್ಪತ್ತು ದಿನ ರಸ್ತೆಯಲ್ಲೇ. ರಜೆ ಹಾಕಿ ಮನೆಯಲ್ಲಿ ಪಥ್ಯ ಮಾಡಬಹುದಿತ್ತು. ಆದರೆ ಇರುವ ರಜೆಯಷ್ಟೂ ಆಪರೇಷನ್‌ಗೆ ಬೇಕು.

ಜೂನ್ 5

ಅಕ್ಕನ ಲಿವರ್ ಕೈಕೊಟ್ಟಿದೆ. ನನ್ನದರಲ್ಲಿ ಒಂದು ಭಾಗ ಕತ್ತರಿಸಿ ಅವಳಿಗೆ ಹಾಕುತ್ತಾರೆ. ಇಬ್ಬರಲ್ಲೂ ಅದು ಬೆಳೆದುಕೊಳ್ಳುತ್ತದಂತೆ. ರಕ್ತ ಹೊಂದಿತು, ಉಳಿದದ್ದೆಲ್ಲ ಹೊಂದಿತು. ಅಡ್ಡ ಬಂದದ್ದು ಸ್ಕ್ಯಾನ್. ನನ್ನ ಲಿವರಿನಲ್ಲಿ ನೂರಕ್ಕೆ ಹದಿನೆಂಟು ಪಾಲು ಕೊಬ್ಬು. ಹದಿನಾರು ವರ್ಷ ಊರೂರಿನ ಹೋಟೆಲುಗಳಲ್ಲಿ ಕರಿದದ್ದು ತಿಂದ ಬಹುಮಾನ.

ಡಾಕ್ಟರಮ್ಮ ಹೇಳಿದ್ದು ಇಷ್ಟು: "ಹತ್ತರ ಕೆಳಗೆ ಬಂದ್ರೆ ಮಾತ್ರ ಕತ್ತಿ ಹಿಡೀತೀನಿ. ಉಪವಾಸ ಗಿಪವಾಸ ಬೇಡ. ಕಾಳು, ತರಕಾರಿ, ಹಣ್ಣು ಹೊಟ್ಟೆ ತುಂಬ ತಿನ್ನಿ. ಆರು ಕಿಲೋ ಇಳೀರಿ. ಜೂನ್ ಇಪ್ಪತ್ತೆಂಟಕ್ಕೆ ಮತ್ತೆ ಸ್ಕ್ಯಾನ್."

ಎಂಬತ್ತೆಂಟರಿಂದ ಎಂಬತ್ತೆರಡಕ್ಕೆ.

ಅಪ್ಪನ ನಾಟಕ ಕಂಪನಿಯಲ್ಲಿ ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುತ್ತಿದ್ದವಳು ಅಕ್ಕ. ಏಳು ವರ್ಷದ ನಾನು ರಾಜಕುಮಾರ. ಬಣ್ಣ ಬಳಿದ ಕೋಟೆ ಬಾಗಿಲ ಮುಂದೆ ಬಾಯಿ ಕಟ್ಟಿಹೋಯಿತು. ಸಭೆಯೆಲ್ಲ ಕಾಯುತ್ತಿತ್ತು. ಅಕ್ಕ ಬರೀ ತುಟಿಯಲ್ಲಿ ಹೇಳಿದಳು — ಬಂದಿದ್ದೇನೆ, ಬಾಗಿಲು ತೆಗೆಯಿರಿ. ನಾನು ಗುಡುಗಿದೆ. ಅಂದು ಏರಿದ ದನಿ ಇನ್ನೂ ಇಳಿದಿಲ್ಲ. ಲಾಡ್ಜಿನವರು ಗೋಡೆ ತಟ್ಟುತ್ತಾರೆ.

ಜೂನ್ 9

ಮಧ್ಯಾಹ್ನ ಹೆದ್ದಾರಿ ಹೋಟೆಲ್. ಎಣ್ಣೆ ಹಾಕದೆ ತರಕಾರಿ ಬೇಯಿಸಿಕೊಡಿ ಎಂದೆ.

"ಹುಷಾರಿಲ್ವಾ ಸಾರ್?"

"ಹುಷಾರಾಗೇ ಇದೀನಿ."

"ಮತ್ಯಾಕ್ ಸಾರ್ ಈ ಶಿಕ್ಷೆ?"

ತಂದ. ಕ್ಯಾರೆಟ್, ಬೀನ್ಸ್, ಕೋಸು... ಮೇಲೆ ಒಂದು ಮುದ್ದೆ ಬೆಣ್ಣೆ ಕರಗುತ್ತಿತ್ತು. ಎಣ್ಣೆ ಹಾಕಿಲ್ಲ ಸಾರ್, ಎಂದ. ಪಾಪ, ಕರುಣೆಯಿಂದ ಹಾಕಿದ್ದು. ತಟ್ಟೆಯನ್ನು ಡ್ರೈವರ್ ಕಡೆ ತಳ್ಳಿ ಎರಡು ಬಾಳೆಹಣ್ಣು, ಹುರಿಯದ ಕಡಲೆಬೀಜ ತಿಂದೆ. ಚೀಲದಲ್ಲಿ ಯಾವಾಗಲೂ ಇರುತ್ತದೆ.

ಕೆಲಸ ಮುಗಿದ ಮೇಲೆ ನಾನು ತಿದ್ದಿದ ತಕ್ಕಡಿಯನ್ನೇ ಹತ್ತಿದೆ. 85.7.

ಜೂನ್ 17, ಸಂಜೆ 5

81.9.

ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗ. ಬೆಳಿಗ್ಗೆ ಪರೀಕ್ಷಿಸಿದಾಗ ತಕ್ಕಡಿ ಒಂದು ಗ್ರಾಂ ಅತ್ತಿತ್ತ ಇರಲಿಲ್ಲ. ಹೊರಡುವ ಅವಸರದಲ್ಲಿ ಹತ್ತಿ ನಿಂತೆ — ಎಂಬತ್ತೊಂದು ಪಾಯಿಂಟ್ ಒಂಬತ್ತು. ಅಲ್ಲಿಂದಲೇ ಫೋನ್ ಮಾಡಿದೆ.

"ಗೆದ್ದೆ ಅಕ್ಕ."

 "ನಿಜ ಹೇಳೋ. ಒಂದೇ ಕಾಲಲ್ಲಿ ನಿಂತಿದ್ಯಾ?"

"ಎರಡರಲ್ಲೂ."

ಮೂಗು ಒರೆಸಿಕೊಂಡ ಸದ್ದು. "ಇವತ್ತು ತಲೆ ಬಾಚ್ಕೋಬೇಕು ಅನ್ನಿಸ್ತಿದೆ ಕಣೋ. ತಿಂಗಳಾಯ್ತು."

ಮ್ಯಾನೇಜರ್ ಊಟಕ್ಕೆ ಕರೆದಿದ್ದಾನೆ. ಒಂದು ದಿನ ತಾನೆ.

ಜೂನ್ 25

ಎಂಟು ದಿನ ಬರೆದಿಲ್ಲ. ಬರೆಯಲು ನಾಚಿಕೆಯಾಗುವಂಥದ್ದನ್ನು ತಿಂದೆ. ಒಂದು ದಿನ ಎಂದದ್ದು ಎರಡಾಯಿತು, ಎರಡು ಎಂಟಾಯಿತು. ಗೆದ್ದವನಲ್ಲವೆ.

ಇವತ್ತು ಸೋಪಿನ ಕಾರ್ಖಾನೆ. ಹತ್ತಿದೆ. 85.6. ಇಳಿದೆ, ಕಲ್ಲಿಟ್ಟು ನೋಡಿದೆ, ಮತ್ತೆ ಹತ್ತಿದೆ. ಮೂರು ಸಲ. ತಕ್ಕಡಿ ಅಲುಗಲಿಲ್ಲ. ಎಂಟು ದಿನಕ್ಕೆ ಇಷ್ಟು ಏರುವುದಿಲ್ಲ.

ಆಗ ಹೊಳೆಯಿತು. ಕಲ್ಲಿನ ಪೆಟ್ಟಿಗೆಯ ಮೇಲೆ ಕುಳಿತೆ.

ಪ್ಯಾಕಿಂಗ್‌ನವರು ಮೊದಲು ಖಾಲಿ ಕ್ರೇಟು ಇಟ್ಟು ಒಂದು ಬಟನ್ ಒತ್ತುತ್ತಾರೆ. ಅಲ್ಲಿಂದ ಮುಂದೆ, ಕ್ರೇಟು ತೆಗೆದ ಮೇಲೂ, ತಕ್ಕಡಿ ಅದರ ತೂಕವನ್ನು ಕಳೆದೇ ತೋರಿಸುತ್ತದೆ. ಹಾಗೆ ಮಾಡಿದ್ದರೆ ಮೂಲೆಯಲ್ಲಿ ಸಣ್ಣ ಹಸಿರು ದೀಪ ಉರಿಯುತ್ತದೆ. ಮೊದಲು ದೀಪ ನೋಡಿ, ಆಮೇಲೆ ಅಂಕಿ ನೋಡಿ — ಪ್ರತಿ ಕಾರ್ಖಾನೆಯಲ್ಲೂ ನಾನು ಗುಡುಗುವ ಮಾತು ಇದೇ. ಅವತ್ತು ನಾನು ಅಂಕಿಯನ್ನಷ್ಟೇ ನೋಡಿದೆ.

ಬಿಸ್ಕತ್ತು ಕಾರ್ಖಾನೆಯ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ನಿಮ್ಮ ಖಾಲಿ ಕ್ರೇಟ್ ಎಷ್ಟು ತೂಗುತ್ತೆ?

"ಎರಡೂ ಮುಕ್ಕಾಲು ಕಿಲೋ ಸಾರ್. ಯಾಕೆ, ತಕ್ಕಡಿ ಕೆಟ್ಟಿದ್ಯಾ?"

"ಇಲ್ಲಮ್ಮ. ತಕ್ಕಡಿ ಸರಿಯಾಗೇ ಇದೆ."

ಅಕ್ಕನಿಗೆ ಹೇಳಿಲ್ಲ.

ಜೂನ್ 28

ಹದಿನಾಲ್ಕು.

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಇನ್ನು ಮೂರು ವಾರ ಕೊಡ್ತೀನಿ ನಿಮಗೆ. ಅವರ ಕೈಲಿ ಮೂರು ವಾರ ಇದೆಯಾ ಅಂತ ಮಾತ್ರ ಕೇಳ್ಬೇಡಿ."

ವಾರ್ಡಿಗೆ ಹೋದೆ. ಅಕ್ಕನ ಕಣ್ಣು ಹಳದಿ. ತಲೆ ಬಾಚಿಕೊಂಡಿದ್ದಳು. ಎಲ್ಲ ಹೇಳಿದೆ — ದೀಪ, ಕ್ರೇಟು, ಎಂಟು ದಿನದ ಊಟ.

"ಆ ಕ್ರೇಟಲ್ಲಿ ಒಂದು ಬಿಸ್ಕತ್ತಾದ್ರೂ ಇತ್ತೇನೋ?"

"ಖಾಲಿ."

"ಖಾಲಿ ಕ್ರೇಟ್ ನಂಬ್ಕೊಂಡು ದಿನಾ ಜಡೆ ಹಾಕ್ಕೊಂಡ್ನಲ್ಲೋ ನಾನು." ನಕ್ಕಳು. ನಗುತ್ತಲೇ ಗೋಡೆಯ ಕಡೆ ತಿರುಗಿದಳು. ಮತ್ತೆ ಈ ಕಡೆ ತಿರುಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಜುಲೈ 2

ಮತ್ತೆ ರಸ್ತೆ. ಮತ್ತೆ ಫ್ಲಾಸ್ಕು. ಡ್ರೈವರ್ ತಾನೂ ಒಂದು ಬಟ್ಟಲು ತಂದು ಎದುರಿಗೆ ಕುಳಿತ. ಬೆಂದ ಕೋಸು ಬಾಯಿಗಿಟ್ಟು ಮುಖ ಹಿಂಡಿದ.

"ನಿಂಗ್ಯಾಕೋ ಇದು?"

"ಒಬ್ರೇ ತಿಂದ್ರೆ ಮೋಸ ಹೋಗ್ತೀರಿ. ಸಣ್ಣ ದೀಪ ಎದುರಿಗೇ ಇರ್ಲಿ." ಇನ್ನೊಂದು ತುತ್ತು ಬಾಯಿಗಿಟ್ಟ. ನಾನೂ.

ಜುಲೈ 9

ಅಕ್ಕನನ್ನು ಐಸಿಯುಗೆ ಹಾಕಿದ್ದಾರೆ. ಭಾವ ಫೋನ್ ಮಾಡಿದರು. ಕಾಳು. ಸೊಪ್ಪು. ಒಂದು ಸೇಬು. ಗೋದಾಮಿನ ಸುತ್ತ ಏಳು ಕಿಲೋಮೀಟರ್ ನಡೆದೆ. ತಕ್ಕಡಿ ಹತ್ತುವುದನ್ನು ಬಿಟ್ಟಿದ್ದೇನೆ.

ಜುಲೈ 12

ಅಕ್ಕ ವಾರ್ಡಿಗೆ ವಾಪಸ್. ಫೋನಿನಲ್ಲಿ ಒಂದೇ ಮಾತು: "ತಿಂದ್ಯಾ?"

ಜುಲೈ 19

ಒಂಬತ್ತು.

ಡಾಕ್ಟರಮ್ಮನ ಮೇಜಿನ ಮೇಲಿದ್ದ ಕಾಗದವನ್ನು ನಾನೇ ಓದಿದೆ. ಮೊದಲು ಹೆಸರು, ತಾರೀಕು, ಕೆಳಗಿನ ಸಣ್ಣಕ್ಷರವೆಲ್ಲ ನೋಡಿದೆ. ಆಮೇಲೆ ಅಂಕಿ. ಆಚೆ ಬಂದು ಡ್ರೈವರ್‌ಗೆ ಹೇಳಲು ಹೋದರೆ ದನಿಯೇ ಬರಲಿಲ್ಲ. ಒಂಬತ್ತು ಬೆರಳು ತೋರಿಸಿದೆ.

ಜುಲೈ 22, ಬೆಳಿಗ್ಗೆ 6.40

ಹಸಿರು ಬಟ್ಟೆ ಹಾಕಿದ್ದಾರೆ. ಕಾರಿಡಾರಿನಲ್ಲಿ ಎರಡು ಗಾಲಿಮಂಚ. ಒಂದರಲ್ಲಿ ನಾನು, ಒಂದರಲ್ಲಿ ಅಕ್ಕ. ಒಂದು ಹಿಡಿಯಷ್ಟಾಗಿದ್ದಾಳೆ. ಜಡೆ ಹಾಕಿಕೊಂಡಿದ್ದಾಳೆ, ಟೋಪಿಯೊಳಗೆ.

ಎದುರಿಗೆ ಎರಡು ರೆಕ್ಕೆಯ ಬಾಗಿಲು, ಮುಚ್ಚಿದೆ. ಭಯವಾಗುತ್ತಿದೆ. ಬಾಯಿ ಕಟ್ಟಿದೆ. ಏಳು ವರ್ಷದವನಾಗಿದ್ದಾಗ ಕಟ್ಟಿದಂತೆಯೇ.

ನರ್ಸ್ ಕೈ ಚಾಚಿದ್ದಾಳೆ. "ಪೆನ್ ಕೊಡಿ ಸಾರ್, ಹೊರಡೋಣ." ಒಂದು ನಿಮಿಷ ತಾಯಿ...

ಅಕ್ಕ ನನ್ನನ್ನೇ ನೋಡುತ್ತಿದ್ದಾಳೆ. ಸದ್ದಿಲ್ಲದೆ ತುಟಿ ಅಲ್ಲಾಡಿಸುತ್ತಿದ್ದಾಳೆ. ಗೊತ್ತು ಅಕ್ಕ, ಗೊತ್ತು. ಬಂದಿದ್ದೇನೆ, ಬಾ